ಅವ್ವನ ನೀಲಿ ತೋಳು

ಸಕ್ಕರೆ ಬೇಡ ಫಾದರ್, ಹಾಗೇ ಕೊಡಿ... ಹಾಗೇ ಕುಡೀತೀನಿ. ಕಾಯಿಲೆ ಗೀಯಿಲೆ ಏನಿಲ್ಲ. ಈಗೀಗ ನಾಲಿಗೆಗೆ ಗೊತ್ತಾಗಲ್ಲ, ಹಾಕಿದ್ರೂ ಒಂದೇ ಬಿಟ್ರೂ ಒಂದೇ. ಸುಮ್ನೆ ಯಾಕೆ ದಂಡ.

ಹೌದು, ಅವ್ವನ ವಿಷಯಕ್ಕೇ ಬಂದಿದ್ದು. ದೋಣಿ ಇಳೀತಿದ್ದ ಹಾಗೇ ಹೇಳಿದ್ನಲ್ಲ... ಹಾಸಿಗೆ ಹಿಡಿದಿದಾಳೆ. ಸಾಂತೊಯ್‌ನ ಕರಿ, ಸಾಂತೊಯ್ ಬಂದು ಹಣೆಗೆ ಕೊನೇ ಎಣ್ಣೆ ಮುಟ್ಟಿಸಲಿ, ಬೇರೆ ಯಾರೂ ಬೇಡ ಅಂತಾಳೆ. ನಿಮ್ಮ ಜಾಗಕ್ಕೆ ಬಂದ ಹೊಸ ಪಾದ್ರಿ ಎರಡು ಸಲ ಮನೆಗೆ ಬಂದ್ರು. ಎರಡು ಸಲಾನೂ ಅವ್ವ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡ್ಲು. ಪಾಪ, ಬಾಗಿಲಲ್ಲೇ ನಿಂತು ಜಪ ಹೇಳಿ ಹೋದ್ರು.

ನಗ್ತಿದೀರಾ? ನಗಿ ನಗಿ. ನಮ್ಮವ್ವ ಪುರಿಂಗ್ ಮುದುಕಿಯ ಹಟ ನಿಮಗೆ ಹೊಸದಾ! ಪಾದ್ರಿ ಆದವರನ್ನ ಸಾಂತೊಯ್ ಅಂತ ಕರೀಬೇಡ, ಫಾದರ್ ಕ್ರಿಸಾಂತೊ ಅನ್ನು ಅಂತ ನಾನು ನೂರು ಸಲ ಹೇಳಿದೀನಿ. ಅವನ ಮೂಗು ಒರೆಸಿದ ಬಟ್ಟೆ ಇನ್ನೂ ನನ್ನ ಹತ್ರ ಇದೆ, ಫಾದರ್ ಅಂತೆ, ಅಂತಿದ್ಲು... ಅಂತಾಳೆ.

ಮೂರು ಗಂಟೆಗೆ ದೋಣಿ ವಾಪಸ್ ಹೋಗ್ತದೆ ಅಂದ ಆ ದೋಣಿಯವನು. ಅದು ಬಿಟ್ರೆ ನಾಳೆನೇ. ನೋಡಿ, ನಾನು ಬಲವಂತ ಮಾಡೋಕೆ ಬಂದಿಲ್ಲ. ಸಮುದ್ರ ಚೆನ್ನಾಗಿಲ್ಲ ಇವತ್ತು. ಬರುವಾಗ ದೋಣಿಯ ಪಕ್ಕಕ್ಕೆ ಕಟ್ಟಿರೋ ಬಿದಿರು ರೆಕ್ಕೆ ಒಂದು ಕಡೆ ಪೂರ್ತಿ ಮುಳುಗಿತ್ತು, ಪಕ್ಕದಲ್ಲಿದ್ದ ಹೆಂಗಸು ಹಂದಿಮರಿನ ತಬ್ಬಿಕೊಂಡು ಕೂತಿದ್ಲು. ನಿಮಗೂ ಇಲ್ಲಿ ಕೆಲಸ ಇರ್ತದೆ. ಈ ದ್ವೀಪಕ್ಕೆ ನೀವೊಬ್ರೇ ಪಾದ್ರಿ, ಬಿಟ್ಟು ಬರೋದು ಸುಲಭ ಅಲ್ಲ. ಬರೋಕಾಗಲ್ಲ ಅಂದ್ರೆ ಆಗಲ್ಲ ಅನ್ನಿ. ನಾನು ಬೇಜಾರು ಮಾಡ್ಕೊಳ್ಳಲ್ಲ. ಅವ್ವನೂ ಮಾಡ್ಕೊಳ್ಳಲ್ಲ.

ಸರಿ, ಇನ್ನೂ ಹೊತ್ತಿದೆ.

ಯಾಕೆ ಅದನ್ನ ನೋಡ್ತೀರಿ? ಫೋನಾ? ಆಫ್ ಆಗಿದೆ ಫಾದರ್. ಬೇಕಿದ್ರೆ ಕೈಗೆ ತಗೊಂಡು ನೋಡಿ... ತಗೊಳ್ಳಿ ಅಂದ್ರೆ! ನಿಮ್ಮ ಅನುಮಾನ ತಪ್ಪಲ್ಲ. ಈ ಎಲ್ಯೊಂಗ್ ಮುಂದೆ ಕೂತು ಕಾಫಿ ಕುಡಿದವನು ಸಂಜೆಗೆ ಆರು ಲಕ್ಷ ಜನರ ಅಂಗೈಯಲ್ಲಿ ಇರ್ತಾನೆ ಅಂತ ಊರಲ್ಲಿ ಮಾತಿದೆ. ಮೀನು ಮಾರುವ ಲೂರ್ದಿಂಗ್ ನನ್ನ ಕಂಡ್ರೆ ತಕ್ಕಡಿ ಮೇಲೆ ಬಟ್ಟೆ ಮುಚ್ತಾಳೆ! ಮೊದಮೊದಲು ನನಗೂ ಒಂಥರಾ ಹೆಮ್ಮೆ ಇತ್ತು ಅದರ ಬಗ್ಗೆ. ಆರನೇ ಕ್ಲಾಸಿಗೆ ಚೀಲ ಎಸೆದು ಬಸ್ಸಿನ ಬಾಗಿಲಿಗೆ ನೇತುಬಿದ್ದವನು ನಾನು. ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದೆ, ಸೌದಿಯಲ್ಲಿ ಕಬ್ಬಿಣ ಬೆಸೆದೆ, ಊರೂರು ಅಲೆದು ಹಾಡು ಹೇಳೋ ಕರೋಕೆ ಪೆಟ್ಟಿಗೆ ರಿಪೇರಿ ಮಾಡಿದೆ. ಎಲ್ಲೂ ಒಂದು ಕಡೆ ಕೂತವನಲ್ಲ. ಕೊನೆಗೆ ನನ್ನನ್ನ ಒಂದು ಕಡೆ ಕೂರಿಸಿದ್ದು ಈ ಫೋನೇ ನೋಡಿ.

ನೀವು ನೋಡಿರಲ್ಲ ಬಿಡಿ ಮೊದಲನೇ ವಿಡಿಯೋ. "ಬ್ರೇಕಿಲ್ಲದ ಎಲ್ಯೊಂಗ್." ಹಳೇ ಬಸ್ಸಿನ ಹೆಸರು ಅದು, ನಾನು ಟಿಕೆಟ್ ಹರೀತಿದ್ದ ಬಸ್ಸು. ಮೊದಲನೇ ದಿನ ಏನು ಮಾತಾಡಿದ್ದೆ ಗೊತ್ತಾ? ಇವತ್ತು ಸಮುದ್ರ ಶಾಂತವಾಗಿದೆ, ಬಂಗಡೆ ಅಗ್ಗ ಆಗ್ತದೆ ಅಂತ. ಹನ್ನೊಂದು ಜನ ನೋಡಿದ್ರು. ಹನ್ನೊಂದರಲ್ಲಿ ನಾಲ್ಕು ನಾನೇ. ಆಮೇಲೆ ಒಂದಿನ ಏನೋ ಸಿಟ್ಟಲ್ಲಿ, ಮೇಯರ್ ಕಡೆಯವರು ಹಂಚಿದ ಅಕ್ಕಿ ಪೊಟ್ಟಣದ ಮೇಲೆ ಅವನ ಮುಖ ಇದೆಯಲ್ಲ, ಅನ್ನ ಬಸಿಯುವಾಗ ಆ ಮುಖ ನನ್ನನ್ನೇ ನೋಡಿ ನಗ್ತದೆ ಅಂದೆ. ನಾಲ್ಕು ಸಾವಿರ! ಮರುದಿನ ಪವಿತ್ರ ವಾರದಲ್ಲಿ ಬೆನ್ನಿಗೆ ಚಾಟಿಯಲ್ಲಿ ಹೊಡ್ಕೊಳ್ಳೋ ನಮ್ಮ ಗಂಡಸರ ಬಗ್ಗೆ ಹೇಳಿದೆ. ವರ್ಷಪೂರ್ತಿ ಹೆಂಡತಿಗೆ ಹೊಡೆದ ಕೈ ಒಂದು ದಿನ ತನ್ನ ಬೆನ್ನಿಗೆ ಹೊಡ್ಕೊಂಡ್ರೆ ಲೆಕ್ಕ ಸರಿಹೋಗ್ತದಾ ಅಂದೆ. ಹನ್ನೆರಡು ಸಾವಿರ. ಆವತ್ತು ಗೊತ್ತಾಯ್ತು, ದೇವರು ಮತ್ತೆ ಓಟು, ಇವೆರಡು ಬಿಟ್ಟು ಬಂಗಡೆ ಮಾತಾಡಿದ್ರೆ ಯಾರೂ ನಿಲ್ಲಲ್ಲ ಅಂತ.

ಅದರಲ್ಲಿ ನಿಜಾನೂ ಇತ್ತು ಫಾದರ್. ಎಲ್ಲಾ ಸುಳ್ಳಲ್ಲ. ನೀವೂ ಒಂದ್ಸಲ ತಲೆ ಆಡಿಸಿದ್ರಿ, ಚಾಟಿಯ ಮಾತಿಗೆ. ನೆನಪಿದೆಯಾ?... ಹಾಂ. ಇದೆ.

ಆ ಫೋನಿನ ಕಣ್ಣಿದೆಯಲ್ಲ, ಸಾಸಿವೆ ಕಾಳಿನಷ್ಟು ತೂತು. ಗಂಟೆಗಟ್ಟಲೆ ಅದರ ಜೊತೆ ಹೇಗೆ ಮಾತಾಡ್ತೀಯ, ಎದುರಿಗೆ ಯಾರೂ ಇರಲ್ವಲ್ಲ ಅಂತ ಕೇಳ್ತಾರೆ. ಜಪ ಮಾಡುವಾಗ ಎದುರಿಗೆ ಯಾರಿರ್ತಾರೆ? ಮಾತಾಡ್ತೀವಲ್ಲ? ವ್ಯತ್ಯಾಸ ಏನಂದ್ರೆ, ಇದರಲ್ಲಿ ಕೆಳಗಿಂದ ಕೆಂಪು ಹೃದಯಗಳು ಮೇಲಕ್ಕೆ ತೇಲಿ ಬರ್ತವೆ. ಒಬ್ಬ ಆಮೆನ್ ಅಂತ ಬರೀತಾನೆ, ಅದರ ಕೆಳಗೇ ಇನ್ನೊಬ್ಬ ಕಡಿಯಿರಿ ಅವನನ್ನ ಅಂತ ಬರೀತಾನೆ, ಅದರ ಕೆಳಗೆ ಒಬ್ಬಳು ಮುಖ ಬೆಳ್ಳಗಾಗೋ ಸೋಪು ಬೇಕಾದ್ರೆ ಸಂಪರ್ಕಿಸಿ ಅಂತ. ಮೂವರಿಗೂ ನಾನು ಧನ್ಯವಾದ ಹೇಳ್ತಿದ್ದೆ.

ನನಗೆ ದೇವರು ಇದಾನಾ ಅಂತೀರಾ? ಹಾಗೆ ನೋಡಬೇಡಿ, ಕೇಳಿದ ಹಾಗೇ ಇದೆ ನಿಮ್ಮ ಮುಖ. ಗೊತ್ತಿಲ್ಲ. ಹಡಗಲ್ಲಿದ್ದಾಗ ಇದ್ದ. ಸೌದಿಯಲ್ಲಿ ಎಂಟು ಜನ ಒಂದು ರೂಮಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಪಿಸುಪಿಸು ಜಪ ಮಾಡ್ತಿದ್ವಿ, ಅಲ್ಲೂ ಇದ್ದ, ಪಕ್ಕದಲ್ಲೇ ಕೂತ ಹಾಗೆ. ಊರಿಗೆ ಬಂದು ಜೋರಾಗಿ ಮಾತಾಡೋಕೆ ಶುರು ಮಾಡಿದ ಮೇಲೆ ಕಾಣಲಿಲ್ಲ. ಹುಡುಕ್ಲೂ ಇಲ್ಲ.

ಅಯ್ಯೋ, ಇರಲಿ ಬಿಡಿ, ಬಟ್ಟೆ ಬೇಡ. ಬಿಸಿನಾ? ಕೈ ಮೇಲೆ ಚೆಲ್ಲಿತಾ... ಗೊತ್ತೇ ಆಗಲಿಲ್ಲ ನೋಡಿ. ಕೆಂಪಗಾಗಿದೆ ಅಲ್ವಾ. ಏನೂ ಉರಿ ಇಲ್ಲ. ಕೂತ್ಕೊಳ್ಳಿ ನೀವು.

ಆ ವಿಡಿಯೋ ಬಗ್ಗೆ ಮಾತಾಡಲೇಬೇಕು ಅಲ್ವಾ. ಬೇಡ ಅಂತೀರಾ? ನೀವು ಬೇಡ ಅಂತೀರಿ, ಆದ್ರೆ ಅದಕ್ಕೇ ತಾನೇ ನೀವು ನನ್ನ ಜೊತೆ ಬರದೇ ಇರೋದು... ಬರದೇ ಇರಬಹುದಾದದ್ದು. ಅಷ್ಟು ದೊಡ್ಡ ಇಗರ್ಜಿ ಬಿಟ್ಟು, ಹನ್ನೆರಡು ಬೆಂಚಿನ ಈ ತಗಡಿನ ಗುಡಿಸಲಿಗೆ ಬಂದು ಕೂತಿದೀರಿ. ಯಾರಿಂದ? ನನ್ನಿಂದ. ಬಿಷಪ್ಪರು ಏನೇ ಕಾಗದ ಬರೆದಿರಲಿ, "ವಿಶ್ರಾಂತಿಗಾಗಿ" ಅಂತಾನೋ ಏನೋ, ಬರೆಸಿದವನು ನಾನು. ನಿಮ್ಮ ಗೋಡೆಗೆ ಕೆಂಪು ಬಣ್ಣದಲ್ಲಿ "ಬಾಡಿಗೆ ಹಣೆ" ಅಂತ ಬರೆದ್ರಲ್ಲ, ಆ ಮಾತು ನಾನು ವಿಡಿಯೋದಲ್ಲಿ ಆಡಿದ್ದು. ಬಣ್ಣ ಮಾತ್ರ ಅವರದು.

ಏಳು ಸೆಕೆಂಡು. ಪೂಜೆ ಮುಗಿದು ಜನ ಹೊರಗೆ ಬರ್ತಿದಾರೆ. ನಮ್ಮ ಕೇರಿಯ ಮುಖಂಡ, ಕಪಿತಾನ್ ಹಿಲಾರ್ಯೋ ನಿಂತಿದಾನೆ, ಮೇಯರ್ ಸ್ಥಾನಕ್ಕೆ ನಿಂತವನು, ಹೊಟ್ಟೆ ಮುಂದೆ ಮಾಡ್ಕೊಂಡು. ನೀವು ಬಂದ್ರಿ. ಬಗ್ಗಿದ್ರಿ. ಹಿರಿಯರ ಆಶೀರ್ವಾದ ತಗೊಳ್ಳೋ ಹಾಗೆ ಅವನ ಕೈ ಹಿಡಿದು ಹಣೆಗೆ ಒತ್ತಿಕೊಂಡ್ರಿ. ಅಷ್ಟೇ. ನಾನು ಅದನ್ನ ನಿಧಾನ ಮಾಡಿದೆ, ಒಂದು ಕೆಂಪು ಬಾಣ ಹಾಕಿದೆ, ಕೆಳಗೆ ಡೋಲಿನ ಸದ್ದು ಹಾಕಿದೆ. ಓಟಿಗೆ ಒಂಬತ್ತು ದಿನ ಇದೆ, ಯಾರ ಕೈ ಕೆಳಗೆ ಬಗ್ಗಿದೆ ನಮ್ಮ ಇಗರ್ಜಿ? ಅಂತ ಕೇಳಿದೆ. ಕೇಳಿದೆ ಅಷ್ಟೇ, ಹೇಳಲಿಲ್ಲ! ಅದೇ ನಮ್ಮ ಕಸುಬಿನ ಜಾಣತನ ಫಾದರ್. ನಾವು ಏನನ್ನೂ ಹೇಳಲ್ಲ, ಕೇಳ್ತೀವಿ.

ಅವನು ನಿಮ್ಮ ಜ್ಞಾನತಂದೆ ಅನ್ನೋದು ನನಗೆ ಆವಾಗ ಹೊಳೀಲಿಲ್ಲ. ನಿಜವಾಗಿ. ನಲವತ್ತು ವರ್ಷದ ಹಿಂದೆ ಯಾರು ಯಾರನ್ನ ಎತ್ತಿಕೊಂಡು ದೀಕ್ಷಾಸ್ನಾನ ಮಾಡಿಸಿದ್ರು ಅಂತ ಯಾರಿಗೆ ನೆನಪಿರ್ತದೆ...

ಯಾಕೆ ಹಾಗೆ ನೋಡ್ತೀರಿ.

ಸರಿ. ಕ್ರಿಸ್ಮಸ್ ಬೆಳಗ್ಗೆ ಜ್ಞಾನತಂದೆಯರ ಬಾಗಿಲಿಗೆ ಮಕ್ಕಳು ಸಾಲು ನಿಲ್ತಾರಲ್ಲ, ನಾವಿಬ್ಬರೂ ಒಟ್ಟಿಗೆ ಹೋಗ್ತಿದ್ವಿ ಅವನ ಮನೆಗೆ. ನನ್ನ ಜ್ಞಾನತಂದೆ ಸತ್ತುಹೋಗಿದ್ದ, ನನಗೆ ಹೋಗೋಕೆ ಬಾಗಿಲಿರಲಿಲ್ಲ, ಅದಕ್ಕೆ ನೀನು ನಿನ್ನ ಬಾಗಿಲಿಗೆ ಕರ್ಕೊಂಡು ಹೋಗ್ತಿದ್ದೆ. ಹಿಲಾರ್ಯೋ ನಿನಗೊಂದು ರಬ್ಬರ್ ಚಪ್ಪಲಿ ಕೊಟ್ರೆ ನನಗೂ ಒಂದು ಜೊತೆ ಕೊಡ್ತಿದ್ದ. ಎರಡೂ ಒಂದೇ ಬಣ್ಣ. ಚಪ್ಪಲಿ ಹಾಕ್ಕೊಂಡೇ ಮಲಗಿದ್ದೆ ನಾನು ಒಂದು ವರ್ಷ. ನೆನಪಿತ್ತು. ಬಾಣ ಹಾಕುವಾಗಲೂ ನೆನಪಿತ್ತು. ಸಾಕಾ?

ಕ್ಷಮಿಸಿ ಫಾದರ್. ನೀನು ಅಂದುಬಿಟ್ಟೆ.

ಇನ್ನೊಂದು ಹೇಳ್ತೀನಿ. ಆರು ಲಕ್ಷ ಜನರಲ್ಲಿ ನಮ್ಮೂರವರು ಎಷ್ಟು? ಹೆಚ್ಚಂದ್ರೆ ಎಂಟು ಸಾವಿರ. ಆ ಎಂಟು ಸಾವಿರಕ್ಕೂ ಗೊತ್ತು, ಬೇರೆ ಊರಲ್ಲಿ ಮುದುಕರು ಪಾದ್ರಿಯ ಕೈ ಹಣೆಗೆ ಒತ್ತಿಕೊಳ್ತಾರೆ, ನಮ್ಮೂರಲ್ಲಿ ಪಾದ್ರಿಯೇ ಮುದುಕರ ಕೈ ಒತ್ತಿಕೊಳ್ತಾನೆ ಅಂತ. ನಿಮ್ಮಜ್ಜಿ ಕಲಿಸಿದ್ದು, ಬಿಡಲಿಲ್ಲ ನೀವು. ಪ್ರತಿ ಭಾನುವಾರ ಬಾಗಿಲ ಬಲಗಡೆ ಮುದುಕ ಮುದುಕಿಯರ ಸಾಲು, ನೀವು ಒಬ್ಬೊಬ್ಬರದ್ದೇ ಕೈ ಹಿಡ್ಕೊಂಡು ಬಗ್ಗಿ ಬಗ್ಗಿ ಹೋಗೋದು. ಕುಂಟ ಪೋಲಿಂಗ್ ಅಜ್ಜನ ಕೈ ನಾರ್ತಿರ್ತಿತ್ತು, ಅದನ್ನೂ. ಹತ್ತು ವರ್ಷ ಕಣ್ಣಾರೆ ನೋಡಿದ ಜನ! ಏಳು ಸೆಕೆಂಡು ಫೋನಲ್ಲಿ ನೋಡಿ, ಕಣ್ಣಲ್ಲಿ ಕಂಡದ್ದನ್ನ ಬಿಟ್ಟು ಫೋನಲ್ಲಿ ಕಂಡದ್ದನ್ನ ಹಿಡ್ಕೊಂಡ್ರು. ನನಗೇ ಆಶ್ಚರ್ಯ ಆಯ್ತು. ಒಬ್ಬನಾದ್ರೂ ಬಂದು, ಏಯ್ ಎಲ್ಯೊಂಗ್, ಏನೋ ಇದು ನಿನ್ನ ಕಪಿಚೇಷ್ಟೆ ಅಂತ ಬೈತಾನೆ ಅಂದ್ಕೊಂಡಿದ್ದೆ. ಬೈದಿದ್ರೆ ತೆಗೀತಿದ್ದೆನೋ ಏನೋ.

ನೀವೂ ಒಂದು ಮಾತಾಡ್ಲಿಲ್ಲ. ನೇರ ಪ್ರಸಾರಕ್ಕೆ ಕರೆದೆ, ಬರಲಿಲ್ಲ. ನಿಮ್ಮ ಮೌನದಿಂದ ನನಗೆ ಇನ್ನೂ ನಾಲ್ಕು ವಿಡಿಯೋ ಸಿಕ್ತು ಗೊತ್ತಾ? "ಪಾದ್ರಿ ಯಾಕೆ ಸುಮ್ಮನಿದ್ದಾರೆ?" "ಮೌನಕ್ಕೆ ಬೆಲೆ ಎಷ್ಟು?" ಹಾಗೆಲ್ಲ. ಮಾತಾಡಿದವನ ಮೇಲೆ ಒಂದು ವಿಡಿಯೋ ಮಾಡಬಹುದು, ಮಾತಾಡದವನ ಮೇಲೆ ಎಷ್ಟು ಬೇಕಾದ್ರೂ.

ಅದೇ ಚುನಾವಣೆಯಲ್ಲಿ ನೀವು ಮಾಡಿದ್ದು ಯಾರೂ ಹೇಳ್ಲಿಲ್ಲ ನೋಡಿ. ಟಿ-ಶರ್ಟಿನ ವಿಷಯ! ಎರಡೂ ಕಡೆಯವರು ತಮ್ಮ ತಮ್ಮ ಮುಖ ಅಚ್ಚು ಹಾಕಿದ ಟಿ-ಶರ್ಟ್ ಹಂಚಿದ್ರು, ಜನ ಅದನ್ನೇ ಹಾಕ್ಕೊಂಡು ಪೂಜೆಗೆ ಬಂದ್ರು. ನೀವು ಬಾಗಿಲಲ್ಲಿ ನಿಂತು, ತೆಗೀರಿ, ತಿರುವಿ ಹಾಕ್ಕೊಳ್ಳಿ, ದೇವರಿಗೆ ಹೊಲಿಗೆ ಕಂಡ್ರೂ ಪರವಾಗಿಲ್ಲ ಅಂದ್ರಿ. ಇಡೀ ಇಗರ್ಜಿ ತಿರುವಿದ ಟಿ-ಶರ್ಟು! ಕತ್ತಿನ ಹತ್ರ ಚೀಟಿ ನೇತಾಡ್ತಾ ಪ್ರಭುಭೋಜನಕ್ಕೆ ಸಾಲು ನಿಂತಿದ್ರು. ಆವತ್ತೂ ನಾನು ಅಲ್ಲೇ ಇದ್ದೆ, ಫೋನ್ ಕೈಯಲ್ಲೇ ಇತ್ತು. ತೆಗೆದೆ ಕೂಡ. ಹಾಕ್ಲಿಲ್ಲ. ನೋಡಿ ಖುಷಿಪಟ್ಟು ಹೋಗಿಬಿಡ್ತಾರೆ, ಕೆಳಗೆ ಯಾರೂ ಜಗಳ ಆಡಲ್ಲ. ಜಗಳ ಇಲ್ಲದ ವಿಡಿಯೋ ಯಾರ ಫೋನಿಗೂ ತಲುಪಲ್ಲ.

ನಾನು ಯಾರ ಕಡೆ ಅಂತ ಕೇಳಿದ್ರು ಎಲ್ಲರೂ. ಹಿಲಾರ್ಯೋ ಕಡೆಯವರು ನನ್ನನ್ನ ಅವನ ಎದುರು ನಿಂತಿದ್ದ ಡಾಕ್ಟರಮ್ಮನ ನಾಯಿ ಅಂದ್ರು. ಡಾಕ್ಟರಮ್ಮನ ಕಡೆಯವರು ಹೂವಿನ ಹಾರ ತಂದ್ರು. ನನಗೇ ಗೊತ್ತಿರಲಿಲ್ಲ ಫಾದರ್ ನಾನು ಯಾರ ಕಡೆ ಅಂತ. ಓಟೂ ಹಾಕ್ಲಿಲ್ಲ. ಆವತ್ತು ಬೆಳಗ್ಗಿಂದ ಸಂಜೆ ತನಕ ನೇರ ಪ್ರಸಾರ ಇತ್ತಲ್ಲ, ಓಟು ಹಾಕಿ ಓಟು ಹಾಕಿ ಅಂತ ಹೇಳ್ತಾ ಹೇಳ್ತಾ ಮರೆತೇ ಹೋಯ್ತು! ಹಿಲಾರ್ಯೋ ಗೆದ್ದ. ಗೆದ್ದೇಬಿಟ್ಟ. ನನ್ನ ವಿಡಿಯೋದಿಂದ ಅವನಿಗೆ ಒಂದು ಕೂದಲೂ ಕೊಂಕಲಿಲ್ಲ. ಊರು ಬಿಟ್ಟವರು ನೀವೊಬ್ರೇ.

ಏನಂದ್ರಿ? ಅವ್ವನಾ...

ಅವ್ವ ನೋಡಿದ್ಲು. ಅವಳಿಗೆ ಫೋನ್ ಇಲ್ಲ, ಪಕ್ಕದ ಮನೆಯವಳು ತಂದು ತೋರಿಸಿದ್ಲು. ಬಿಬಿಂಗ್ಕಾ ಬೇಯಿಸ್ತಿದ್ಲು ಅವ್ವ, ಅಕ್ಕಿ ಹಿಟ್ಟು ಬಾಳೆಲೆ ಮೇಲೆ ಹುಯ್ದು, ಕೆಳಗೂ ಕೆಂಡ ಮೇಲೂ ಕೆಂಡ. ಅಂಚು ಸೀದದ್ದನ್ನ ಗಿರಾಕಿಗೆ ಕೊಡಲ್ಲ, ನಮಗಿಬ್ಬರಿಗೇ ಅದು, ಗೊತ್ತಲ್ಲ ನಿಮಗೆ. ನಿಮ್ಮಮ್ಮ ಹಾಂಕಾಂಗಿಗೆ ಮನೆಗೆಲಸಕ್ಕೆ ಹೋದ ಮೇಲೆ ಸೀದ ಅಂಚು ತಿಂದೇ ಬೆಳೆದವರು ನೀವು. ಕೈ ಒರೆಸ್ಕೊಂಡು ಫೋನ್ ಹತ್ರ ಹಿಡ್ಕೊಂಡು ನೋಡಿದ್ಲು. ಮತ್ತೆ ಹಾಕು ಅಂದ್ಲು. ಮತ್ತೆ ಹಾಕು. ಮೂರು ಸಲ. ಆಮೇಲೆ ನನ್ನ ಕರೆದ್ಲು.

"ಎಲ್ಯೊಂಗ್, ಈ ಅಂಚಲ್ಲಿ ಕಾಣೋ ನೀಲಿ ತೋಳು ನಂದು ಕಣೋ" ಅಂದ್ಲು.

ಹೌದು ಫಾದರ್. ಅವ್ವ ಅಲ್ಲೇ ಇದ್ಲು, ಹಿಲಾರ್ಯೋ ಪಕ್ಕಕ್ಕೇ. ಭಾನುವಾರದ ನೀಲಿ ಅಂಗಿ. ನಾನು ತೆಗೆದದ್ದು ಹದಿನೆಂಟು ಸೆಕೆಂಡು. ಏಳು ಸೆಕೆಂಡು ಹಿಲಾರ್ಯೋ ಕೈ. ಆಮೇಲೆ ನೀವು ಒಂದು ಹೆಜ್ಜೆ ಪಕ್ಕಕ್ಕೆ ಬಂದು, ಬಗ್ಗಿ, ಅವ್ವನ ಕೈ ಹಿಡಿದು ಹಣೆಗೆ ಒತ್ತಿಕೊಂಡಿದ್ರಿ. ಹಿಲಾರ್ಯೋದಕ್ಕಿಂತ ಜಾಸ್ತಿ ಹೊತ್ತು! ಅವ್ವ ಏನೋ ಹೇಳಿದ್ಲು, ನೀವು ನಕ್ಕಿರಿ. ಏನು ಹೇಳಿದ್ಲು ಆವತ್ತು? ಡೋಲು ಹಾಕೋಕೆ ಅಂತ ನಾನು ಸದ್ದು ಅಳಿಸಿಬಿಟ್ಟೆ, ಈಗ ಗೊತ್ತಾಗಲ್ಲ...

ಹೇಳಲ್ವಾ. ಸರಿ.

ಹನ್ನೊಂದು ಸೆಕೆಂಡು ಕತ್ತರಿಸಿದೆ. ಹೆತ್ತ ಅವ್ವನ ಕತ್ತರಿಸಿದೆ, ತೋಳು ಒಂದಿಷ್ಟು ಉಳ್ಕೊಂಡಿತ್ತು ಅಂಚಲ್ಲಿ. ಆರು ಲಕ್ಷ ಜನರಲ್ಲಿ ಅದನ್ನ ಕಂಡವಳು ಅವಳೊಬ್ಬಳೇ.

ಬೈದ್ಲಾ ಅಂತೀರಾ? ಬೈಲಿಲ್ಲ. ಉಳಿದದ್ದನ್ನೂ ಹಾಕು ಅಂದ್ಲು. ಅಷ್ಟೇ. ದಿನಾ ಬೆಳಗ್ಗೆ ಕಾಫಿ ಕೊಡುವಾಗ, ಉಳಿದದ್ದು ಹಾಕಿದ್ಯಾ? ಇಲ್ಲ ಅವ್ವ. ಹಾಕು. ಹಾಕ್ತೀನಿ. ಸೊಪ್ಪು ತರೋಕೆ ಹೇಳಿದ ಹಾಗೆ. ನಾಳೆ ಹಾಕ್ತೀನಿ ನಾಳೆ ಹಾಕ್ತೀನಿ ಅಂತ... ಹಾಕಿದ್ರೆ ಬ್ರೇಕಿಲ್ಲದ ಎಲ್ಯೊಂಗ್ ಎಲ್ಲಿ ಉಳೀತಿದ್ದ? ಮನಿಲಾದಿಂದ ಒಬ್ಬಳು ಬರೆದಿದ್ಲು, ಈ ದೇಶದಲ್ಲಿ ನಿಜ ಹೇಳುವ ಒಂದೇ ಬಾಯಿ ನಿಮ್ಮದು ಅಂತ. ಅದನ್ನ ದಿನಾ ಓದ್ಕೊಳ್ತಿದ್ದೆ ನಾನು. ನಗಬೇಡಿ. ಓದ್ಕೊಳ್ತಿದ್ದೆ.

ಗಂಟೆ ಎಷ್ಟು? ಎರಡೂಕಾಲು. ದೋಣಿಯವನು ಎಂಜಿನ್ ಹತ್ರ ಏನೋ ಬಗ್ಗಿ ನೋಡ್ತಿದಾನೆ. ಅಲೆ ಇನ್ನೂ ಎದ್ದಿದೆ ಫಾದರ್, ನೋಡಿ ಅಲ್ಲಿ, ಬೆಳ್ಳಗೆ. ಇಂಥ ಸಮುದ್ರದಲ್ಲಿ ಬರಬೇಡಿ ಅಂತ ನಾನೇ ಹೇಳ್ತೀನಿ. ಬಿಷಪ್ಪರ ಅಪ್ಪಣೆ ಬೇರೆ ಬೇಕಲ್ವಾ, ಹಳೇ ಊರಿಗೆ ಕಾಲಿಡೋಕೆ? ಅಪ್ಪಣೆ ಇಲ್ಲದೆ ಬಂದ್ರು ಅಂತ ಯಾರಾದ್ರೂ ಫೋನ್ ಎತ್ತಿ ಹಿಡೀತಾರೆ. ನಾನಲ್ಲದೆ ಇನ್ನೂ ಆರು ಜನ ಶುರು ಮಾಡಿದಾರೆ ಈಗ ನಮ್ಮೂರಲ್ಲಿ, ಒಬ್ಬನಂತೂ ಹೆಣದ ಮನೆಗೂ ಬರ್ತಾನೆ. ನಿಮಗ್ಯಾಕೆ ಆ ರಗಳೆ. ಬರಲ್ಲ ಅನ್ನಿ, ನಾನು ಹೋಗಿ ಹೇಳ್ತೀನಿ. ಫಾದರ್‌ಗೆ ಆಗಲ್ವಂತೆ ಅಂತ.

ಎಲ್ಲಿಗೆ ಎದ್ರಿ? ಲೋಟ ಇಡಿ, ನಾನು ತೊಳೀತೀನಿ.

ಅದ್ಯಾಕೆ ಚೀಲ ತೆಗೀತಿದೀರಿ... ಫಾದರ್. ಅದು ಎಣ್ಣೆ ಸೀಸೆ ಅಲ್ವಾ? ಅದನ್ನ ಯಾಕೆ ಬಟ್ಟೇಲಿ ಸುತ್ತುತಿದೀರಿ?

ಇರಿ ಒಂದು ನಿಮಿಷ. ನಾನು ಹೇಳಿದ್ದು ಕೇಳಿಸ್ತು ತಾನೆ ನಿಮಗೆ? ಜ್ಞಾನತಂದೆ ಅಂತ ಗೊತ್ತಿದ್ದೂ ಬಾಣ ಹಾಕಿದೆ ಅಂದೆ. ಅವ್ವನ ಕತ್ತರಿಸಿದೆ ಅಂದೆ. ಸಿಟ್ಟು ಬರಲ್ವಾ ನಿಮಗೆ? ಬಂದೇ ಇರ್ತದೆ, ಮನುಷ್ಯರಲ್ವಾ. ಬೈರಿ ನನ್ನ! ತೊಲಗು ಅನ್ನಿ! ನಿನ್ನ ಮನೆ ಹೊಸ್ತಿಲು ತುಳಿಯಲ್ಲ ಅನ್ನಿ. ನ್ಯಾಯ ಅದು. ಕೇಳಿದವರು ಯಾರೂ ನಿಮ್ಮನ್ನ ತಪ್ಪು ಅನ್ನಲ್ಲ. ಒಂದ್ಸಲ ಬರಲ್ಲ ಅಂದುಬಿಡಿ ಸಾಕು. ಜೋರಾಗಿ ಬೇಡ. ತಲೆ ಆಡಿಸಿದ್ರೂ ಸಾಕು, ಹೀಗೆ...

ಚಪ್ಪಲಿ ಹಾಕ್ಕೊಬೇಡ ಸಾಂತೊಯ್.

ಇಷ್ಟು ಹೊತ್ತು ಕೂತು ಒಂದೊಂದೇ ಕಾರಣ ತಂದು ನಿನ್ನ ಮುಂದೆ ಇಟ್ಟೆ. ಸಮುದ್ರ ಅಂದೆ, ಬಿಷಪ್ ಅಂದೆ, ನನ್ನ ಹೊಲಸೆಲ್ಲಾ ತೆಗೆದು ತೋರಿಸಿದೆ. ಒಂದಾದ್ರೂ ಎತ್ತಿಕೊಳ್ಳಬಾರದಾ? ಚಿಕ್ಕಂದಿನಿಂದ ಹೀಗೇ ನೀನು. ಏನು ಕೊಟ್ರೂ ತಗೊಳ್ಳಲ್ಲ.

ಬಾಗಿಲಲ್ಲಿ ಹಾಗೆ ನಿಂತ್ಕೊಬೇಡ. ಬರ್ತೀನಿ ನಡಿ ಅಂತಾದ್ರೂ ಅನ್ನು. ಎಷ್ಟು ದಿನದಿಂದ ಮಲಗಿದಾಳೆ ಅಂತ ಕೇಳು, ಏನು ತಿಂತಿದಾಳೆ ಅಂತ ಕೇಳು. ಕಾಯಿಲೆಯವರ ವಿಷಯ ಬಂದ್ರೆ ಎಲ್ಲರೂ ಕೇಳ್ತಾರೆ. ನೀನು ಒಂದೂ ಕೇಳ್ತಿಲ್ಲ. ಬಂದಾಗಿಂದ ಒಂದೂ ಕೇಳ್ಲಿಲ್ಲ...

ಯಾಕೆ ಚೀಲ ಕೆಳಗಿಟ್ಟೆ?

ಗೊತ್ತಾಯ್ತಾ.

ಹೂಂ. ಹೋದ ಮಂಗಳವಾರ ಅಲ್ಲ, ಅದರ ಹಿಂದಿನದು. ಮಣ್ಣು ಮಾಡಿ ಆಯ್ತು. ಒಂಬತ್ತು ದಿನದ ಜಪವೂ ಮುಗೀತು. ಜನ ಬಂದಿದ್ರು. ಹೊಸ ಪಾದ್ರಿ ಚೆನ್ನಾಗೇ ಮಾಡಿದ್ರು ಎಲ್ಲಾ. ನಾನು ಅಳಲಿಲ್ಲ, ಯಾಕೋ ಬರಲಿಲ್ಲ, ಈಗಲೂ ಇಲ್ಲ.

ಸಾಯೋಕೆ ಎರಡು ದಿನ ಮುಂಚೆ, ಸಾಂತೊಯ್‌ಗೆ ಫೋನ್ ಮಾಡು ಅಂದ್ಲು. ಹಿತ್ತಿಲಿಗೆ ಹೋದೆ. ನಿನ್ನ ನಂಬರು ತೆಗೆದೆ. ಹೆಬ್ಬೆರಳು ಅದರ ಮೇಲೇ ಇತ್ತು. ಒತ್ತಿದ್ರೆ ನೀನು ಎತ್ತುತೀಯ, ಎತ್ತಿದ್ರೆ ನಾನು ಏನಾದ್ರೂ ಅನ್ನಬೇಕು. ಅಷ್ಟು ಜನರ ಮುಂದೆ ಅಷ್ಟು ಮಾತಾಡಿದವನು... ಒಂದು ಸಿಗರೇಟು ಸೇದೋಷ್ಟು ಹೊತ್ತು ಬಾಳೆಗಿಡದ ಹತ್ರ ನಿಂತಿದ್ದು ಒಳಗೆ ಬಂದೆ. ಫೋನ್ ಮಾಡಿದೆ ಅವ್ವ, ಬರೋಕಾಗಲ್ಲ ಅಂದ್ರು ಅಂದೆ.

ಅದಕ್ಕೇ ಬಂದೆ. ನೀನು ಇವತ್ತು ಬರಲ್ಲ ಅಂದಿದ್ರೆ, ನಾನು ಅವಳಿಗೆ ಹೇಳಿದ್ದು ಸುಳ್ಳಾಗ್ತಿರಲಿಲ್ಲ ನೋಡು. ಸ್ವಲ್ಪ ಮುಂಚೆ ಹೇಳಿದ ನಿಜ ಆಗ್ತಿತ್ತು. ಅಷ್ಟು ಸಿಕ್ಕಿದ್ರೆ ಸಾಕಿತ್ತು ನನಗೆ.

ನಿನ್ನನ್ನ ಬೈಲಿಲ್ಲ ಅವಳು. ಅದನ್ನಾದ್ರೂ ತಿಳ್ಕೋ. "ದನಿ ಹೇಗಿತ್ತೋ ಅವನದು? ಹುಷಾರಾಗಿದಾನಾ?" ಅಂತ ಕೇಳಿದ್ಲು.

ಹೂಂ ಅಂದೆ. ಹುಷಾರಾಗಿದಾನೆ ಅಂದೆ.

"ಹಾಗಾದ್ರೆ ಸರಿ" ಅಂದ್ಲು.